ಟರ್ಬೊ ಎಂಜಿನ್‌ನ ಕ್ರ್ಯಾಂಕ್‌ಕೇಸ್ ಗಾಳಿ: ಪಿಸಿವಿ ಪರೀಕ್ಷೆಯಿಂದ ಕ್ಯಾಚ್ ಕ್ಯಾನ್‌ವರೆಗೆ

"ಇಂಟರ್‌ಕೂಲರ್ ಪೈಪ್ ಬಿಚ್ಚಿ ನೋಡಿದರೆ ಒಳಗೆಲ್ಲ ಆಯಿಲ್. ಟರ್ಬೊ ಹೋಯ್ತಾ?" "ಕ್ಯಾಚ್ ಕ್ಯಾನ್ ಹಾಕಿಸಿದರೆ ಸರಿಹೋಗುತ್ತಾ?" ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಟರ್ಬೊ ಅಂದರೆ ಎಂಜಿನ್‌ಗೆ ಗಾಳಿಯನ್ನು ಒತ್ತಿ ತುಂಬುವ ಯಂತ್ರ, ಇಂಟರ್‌ಕೂಲರ್ ಆ ಗಾಳಿಯನ್ನು ತಣಿಸುವ ಭಾಗ, ಕ್ಯಾಚ್ ಕ್ಯಾನ್ ಎಂಜಿನ್ ಒಳಗಿನ ಗಾಳಿಯಲ್ಲಿರುವ ಆಯಿಲ್ ಹನಿಗಳನ್ನು ಹಿಡಿದಿಡುವ ಡಬ್ಬ. ಎರಡೂ ಪ್ರಶ್ನೆಗಳಿಗೆ ಉತ್ತರ ಹುಡುಕಬೇಕಾದದ್ದು ಒಂದೇ ಕಡೆ: ಕ್ರ್ಯಾಂಕ್‌ಕೇಸ್‌ನಲ್ಲಿ ತುಂಬಿಕೊಳ್ಳುವ ಗಾಳಿ ಯಾವಾಗ, ಯಾವ ದಾರಿಯಲ್ಲಿ ಹೊರಗೆ ಹೋಗುತ್ತಿದೆ ಎಂದು ನೋಡಬೇಕು. ಅಷ್ಟು ತಿಳಿಯುವ ತನಕ ಕ್ಯಾನ್ ಕೊಳ್ಳಬೇಡಿ, ಟರ್ಬೊ ಬಿಚ್ಚಿಸಲೂ ಹೋಗಬೇಡಿ.

ಒಳಗೆ ನಡೆಯುವುದೇನು?

ಕ್ರ್ಯಾಂಕ್ ಶಾಫ್ಟ್ ತಿರುಗುವ, ಕೆಳಗೆ ಆಯಿಲ್ ನಿಂತಿರುವ ಎಂಜಿನ್‌ನ ಹೊಟ್ಟೆಯ ಭಾಗವೇ ಕ್ರ್ಯಾಂಕ್‌ಕೇಸ್. ಪಿಸ್ಟನ್ ರಿಂಗ್‌ಗಳು ಎಷ್ಟೇ ಚೆನ್ನಾಗಿದ್ದರೂ ಸಿಲಿಂಡರ್‌ನಲ್ಲಿ ಉರಿಯುವ ಅನಿಲದಲ್ಲಿ ಸ್ವಲ್ಪ ಅವುಗಳ ಸಂದಿಯಿಂದ ಕೆಳಗೆ ನುಸುಳುತ್ತದೆ. ಇದನ್ನು ಬ್ಲೋ-ಬೈ ಅನ್ನುತ್ತಾರೆ. ಅದರಲ್ಲಿ ಸುಟ್ಟ ಹೊಗೆ, ಉರಿಯದ ಪೆಟ್ರೋಲ್, ನೀರಿನ ಆವಿ ಎಲ್ಲ ಇರುತ್ತದೆ. ಕೆಳಗೆ ಬಂದ ಮೇಲೆ ಆಯಿಲ್‌ನ ಸಣ್ಣ ಸಣ್ಣ ಹನಿಗಳೂ ಜೊತೆ ಸೇರುತ್ತವೆ. ಹೊರಗೆ ಬಿಡದಿದ್ದರೆ ಒತ್ತಡ ಏರಿ ಆಯಿಲ್ ಸೀಲ್‌ಗಳು ಸೋರತೊಡಗುತ್ತವೆ. ನೀರು ಮತ್ತು ಪೆಟ್ರೋಲ್ ಆಯಿಲ್‌ನಲ್ಲೇ ಉಳಿದು ಕೆಸರಾಗುತ್ತದೆ.

ಮೊದಲೆಲ್ಲ ಈ ಗಾಳಿಯನ್ನು ಒಂದು ಪೈಪಿನಲ್ಲಿ ಸುಮ್ನೆ ರಸ್ತೆಗೆ ಬಿಡುತ್ತಿದ್ದರು. ಹೊಗೆಯ ಕಾಟ ತಡೆಯಲಾಗದೆ ಕ್ಯಾಲಿಫೋರ್ನಿಯಾ 1961ರ ಮಾಡೆಲ್ ಕಾರುಗಳಿಂದ ಅದನ್ನು ಎಂಜಿನ್‌ಗೇ ವಾಪಸ್ ಕಳಿಸಿ ಸುಡುವ ವ್ಯವಸ್ಥೆ ತಂದಿತು. ಅದೇ ಪಿಸಿವಿ. ಪೂರ್ತಿ ಹೆಸರು ಪಾಸಿಟಿವ್ ಕ್ರ್ಯಾಂಕ್‌ಕೇಸ್ ವೆಂಟಿಲೇಷನ್.

ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್‌ನಲ್ಲಿ ಇದು ಸಲೀಸು. ಥ್ರಾಟಲ್ ಆಚೆಗಿನ ಇಂಟೇಕ್ ಮ್ಯಾನಿಫೋಲ್ಡ್‌ನಲ್ಲಿ, ಅಂದರೆ ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಪೈಪಿನಲ್ಲಿ, ಸಾಮಾನ್ಯವಾಗಿ ವ್ಯಾಕ್ಯೂಮ್, ಅಂದರೆ ಎಳೆತ ಇರುತ್ತದೆ. ಅದೇ ಎಳೆದುಕೊಳ್ಳುತ್ತದೆ. ಟರ್ಬೊ ಬಂದರೆ ಆಟವೇ ಬೇರೆ. ಕಾಲೊತ್ತಿದ ಕೂಡಲೇ ಅದೇ ಮ್ಯಾನಿಫೋಲ್ಡ್‌ನಲ್ಲಿ ಎಳೆತ ಹೋಗಿ ಬೂಸ್ಟ್, ಅಂದರೆ ಟರ್ಬೊ ತುಂಬಿದ ಒತ್ತಡ ಬರುತ್ತದೆ. ಬ್ಲೋ-ಬೈ ಕೂಡ ಆಗಲೇ ಜಾಸ್ತಿ. ಹಾಗಾಗಿ ಎರಡು ದಾರಿ ಬೇಕು.

ಮೊದಲ ದಾರಿ ಐಡ್ಲಿಂಗ್‌ನಲ್ಲಿ ಮತ್ತು ನಿಧಾನ ಓಟದಲ್ಲಿ ಕೆಲಸ ಮಾಡುತ್ತದೆ. ಕ್ರ್ಯಾಂಕ್‌ಕೇಸ್‌ನಿಂದ ಪಿಸಿವಿ ವಾಲ್ವ್ ಮೂಲಕ ಮ್ಯಾನಿಫೋಲ್ಡ್‌ಗೆ. ಎರಡನೆಯದು ಬೂಸ್ಟ್‌ನಲ್ಲಿ. ಎಂಜಿನ್ ತಲೆಯ ಮೇಲಿನ ಮುಚ್ಚಳವಾದ ಟ್ಯಾಪೆಟ್ ಕವರ್‌ನಿಂದ ಬ್ರೀದರ್ ಪೈಪ್ ಮೂಲಕ ಏರ್ ಫಿಲ್ಟರ್‌ಗೂ ಟರ್ಬೊಗೂ ನಡುವಿನ ಪೈಪಿಗೆ. ಟರ್ಬೊ ಗಾಳಿ ಎಳೆಯುವಾಗ ಅಲ್ಲಿ ಸಣ್ಣ ಎಳೆತ ಹುಟ್ಟುತ್ತದೆ. ಅನೇಕ ಎಂಜಿನ್‌ಗಳಲ್ಲಿ ಒಂದು ವಿಚಿತ್ರವಿದೆ: ಐಡ್ಲಿಂಗ್‌ನಲ್ಲಿ ತಾಜಾ ಗಾಳಿ ಒಳಗೆ ಬರುವ ಪೈಪಿನಲ್ಲೇ ಬೂಸ್ಟ್‌ನಲ್ಲಿ ಕೊಳಕು ಗಾಳಿ ಹೊರಗೆ ಹೋಗುತ್ತದೆ. ಒಂದೇ ಪೈಪು, ಎರಡು ದಿಕ್ಕು. ತಪ್ಪು ರಿಪೇರಿಗಳಲ್ಲಿ ಬಹುಪಾಲು ಇದು ಗೊತ್ತಿಲ್ಲದೆ ಆದವು.

ಇಂಟರ್‌ಕೂಲರ್‌ಗೆ ಆಯಿಲ್ ಹೇಗೆ ಬರುತ್ತದೆ ಅನ್ನುವುದೂ ಈಗ ಅರ್ಥವಾಯಿತು ಅಲ್ವಾ? ಎರಡನೇ ದಾರಿಯ ಗಾಳಿ ಟರ್ಬೊ ಮೂಲಕವೇ ಹಾದು ಹೋಗುತ್ತದೆ. ಪೈಪಿನ ಒಳಗೋಡೆಯ ಮೇಲೆ ತೆಳ್ಳಗೆ ಜಿಡ್ಡು ಕಂಡರೆ ಹೆದರಬೇಕಿಲ್ಲ. ಪೈಪ್ ಬಗ್ಗಿಸಿದರೆ ಆಯಿಲ್ ಸುರಿಯುತ್ತದೆ ಅಂದರೆ ಮುಂದಿನ ಹಂತಗಳು ನಿಮಗೇ.

ಕೈಗೆ ಸಿಗುವಂತೆ ಇಟ್ಟುಕೊಳ್ಳಿ

ತೆಳ್ಳನೆಯ ರಬ್ಬರ್ ಗ್ಲೌಸ್, ಟಾರ್ಚ್, ಹೋಸ್ ಕ್ಲಿಪ್ ಬಿಚ್ಚುವ ಸ್ಕ್ರೂಡ್ರೈವರ್ ಮತ್ತು ಇಕ್ಕಳ, ಕೈಯಲ್ಲಿ ಒತ್ತುವ ವ್ಯಾಕ್ಯೂಮ್-ಪ್ರೆಶರ್ ಪಂಪ್, ಕಾರಿನ ಕಂಪ್ಯೂಟರ್‌ನ ಕೋಡ್ ಓದುವ ಒಬಿಡಿ ಸ್ಕ್ಯಾನರ್, ಸಣ್ಣ ಒತ್ತಡವನ್ನೂ ತೋರಿಸುವ ಗೇಜ್. ಕಾರಿನ ಸರ್ವಿಸ್ ಮ್ಯಾನುಯಲ್‌ನಲ್ಲಿ ಹೋಸ್‌ಗಳ ಚಿತ್ರ ಇದ್ದರೆ ಅದು ಈ ಎಲ್ಲದಕ್ಕಿಂತ ದೊಡ್ಡ ಸಾಧನ. ಹೋಸ್ ಬಿಚ್ಚುವ ಕೆಲಸವೆಲ್ಲ ಎಂಜಿನ್ ತಣ್ಣಗಿದ್ದಾಗ ಮಾಡಿ. ಎಂಜಿನ್ ಓಡುತ್ತಿರುವಾಗ ಬೆಲ್ಟ್ ಮತ್ತು ಫ್ಯಾನ್ ಹತ್ತಿರ ಕೈ, ಬಟ್ಟೆ ಹೋಗದಂತೆ ನೋಡಿಕೊಳ್ಳಿ.

ಹಂತ 1: ಆಯಿಲ್ ಮಟ್ಟ ನೋಡಿ

ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ಡಿಪ್‌ಸ್ಟಿಕ್ ತೆಗೆಯಿರಿ. ಮಟ್ಟ ಮೇಲಿನ ಗೆರೆ ದಾಟಿದ್ದರೆ ಮೊದಲು ಅದನ್ನು ಇಳಿಸಿ. ಜಾಸ್ತಿ ಆಯಿಲ್ ಇದ್ದರೆ ತಿರುಗುವ ಕ್ರ್ಯಾಂಕ್ ಅದನ್ನು ಕಡೆದು ನೊರೆ ಮಾಡುತ್ತದೆ, ಆ ಮಂಜೆಲ್ಲ ಬ್ರೀದರ್ ಪೈಪಿಗೆ ಹೋಗುತ್ತದೆ. ಎಷ್ಟೋ ಕಾರುಗಳ ಸಮಸ್ಯೆ ಇಲ್ಲಿಗೇ ಮುಗಿಯುತ್ತದೆ. ಆಯಿಲ್‌ಗೆ ಪೆಟ್ರೋಲ್ ವಾಸನೆ ದಟ್ಟವಾಗಿದ್ದು ಹಾಕದೆಯೂ ಮಟ್ಟ ಏರಿದ್ದರೆ, ಆಯಿಲ್‌ಗೆ ಇಂಧನ ಸೇರುತ್ತಿದೆ ಎಂದರ್ಥ. ಅದನ್ನು ಬೇರೆಯಾಗಿ ನೋಡಿಸಿ.

ಆಯಿಲ್ ತುಂಬುವ ಮುಚ್ಚಳದ ಒಳಗೆ ಹಳದಿ ಮಿಶ್ರಿತ ಬಿಳಿ ಕೆನೆಯಂಥದ್ದು ಕಂಡರೆ ಕೂಡಲೇ ಹೆಡ್ ಗ್ಯಾಸ್ಕೆಟ್ ಹೋಯಿತು ಅಂದುಕೊಳ್ಳಬೇಡಿ. ಎಂಜಿನ್ ಪೂರ್ತಿ ಬಿಸಿಯಾಗದಷ್ಟು ಹತ್ತಿರದ ಓಡಾಟವೇ ಜಾಸ್ತಿ ಇದ್ದರೂ ಹೀಗಾಗುತ್ತದೆ. ಕೂಲಂಟ್ ಕಡಿಮೆಯಾಗುತ್ತಿದೆಯೇ ಎಂದು ಮಾತ್ರ ಗಮನಿಸಿ.

ಹಂತ 2: ಎರಡೂ ದಾರಿಗಳನ್ನು ಬೆರಳಿಟ್ಟು ಹುಡುಕಿ

ಟ್ಯಾಪೆಟ್ ಕವರ್‌ನಿಂದ ಹೊರಡುವ ಪ್ರತಿ ಹೋಸ್ ಎಲ್ಲಿಗೆ ಹೋಗುತ್ತದೆ ಎಂದು ಕೈಯಿಟ್ಟು ಹಿಡಿದುಕೊಂಡು ಹೋಗಿ, ಕಾಗದದಲ್ಲಿ ಚಿತ್ರ ಬರೆದುಕೊಳ್ಳಿ. ಮ್ಯಾನಿಫೋಲ್ಡ್‌ಗೆ ಹೋಗುವುದು ಯಾವುದು, ಟರ್ಬೊ ಮುಂದಿನ ಪೈಪಿಗೆ ಹೋಗುವುದು ಯಾವುದು, ಚೆಕ್ ವಾಲ್ವ್ ಎಲ್ಲೆಲ್ಲಿದೆ ಗುರುತು ಹಾಕಿ. ಚೆಕ್ ವಾಲ್ವ್ ಅಂದರೆ ಗಾಳಿಯನ್ನು ಒಂದೇ ಕಡೆಗೆ ಬಿಡುವ ತಡೆ. ಕೆಲವದರ ಮೈಮೇಲೆ ಬಾಣದ ಗುರುತು ಇರುತ್ತದೆ.

ಈಗಿನ ಅನೇಕ ಎಂಜಿನ್‌ಗಳಲ್ಲಿ ಪಿಸಿವಿ ವಾಲ್ವ್ ಬೇರೆಯಾಗಿ ಕಾಣುವುದೇ ಇಲ್ಲ. ಪ್ಲಾಸ್ಟಿಕ್ ಟ್ಯಾಪೆಟ್ ಕವರ್ ಒಳಗೇ, ಆಯಿಲ್ ಬೇರ್ಪಡಿಸುವ ಭಾಗದ ಜೊತೆ ಕೂಡಿಸಿರುತ್ತಾರೆ. ಮೇಲೆ ದುಂಡನೆಯ ಚಪ್ಪಟೆ ಮುಚ್ಚಳ ಕಂಡರೆ ಅದರಡಿ ರಬ್ಬರ್ ಡಯಾಫ್ರಾಮ್ ಇರಬಹುದು. ಎಳೆತ ಹೆಚ್ಚಾದಾಗ ಮುಚ್ಚಿಕೊಂಡು, ಕಡಿಮೆಯಾದಾಗ ತೆರೆದುಕೊಂಡು ಕ್ರ್ಯಾಂಕ್‌ಕೇಸ್ ಒತ್ತಡವನ್ನು ಹದದಲ್ಲಿಡುವ ಪೊರೆ ಅದು.

ಹೋಸ್‌ಗಳನ್ನು ಬಗ್ಗಿಸಿ ನೋಡುವಾಗ ಜೋಪಾನ. ರಬ್ಬರ್ ಹೋಸ್ ಆದರೆ ಹಿಚುಕಿ: ಮೆತ್ತಗೆ ಊದಿಕೊಂಡಿದ್ದರೂ ಕಷ್ಟ, ಕಟ್ಟಿಗೆಯಂತೆ ಗಟ್ಟಿಯಾಗಿದ್ದರೂ ಕಷ್ಟ. ಗಟ್ಟಿ ನೈಲಾನ್ ಪೈಪ್ ವರ್ಷಗಳ ಬಿಸಿಗೆ ಬಿಸ್ಕತ್ತಿನ ಹಾಗೆ ಆಗಿರುತ್ತದೆ. ಜೋರಾಗಿ ಎಳೆದರೆ ಲಾಕ್ ಇರುವ ತುದಿಯಲ್ಲೇ ಮುರಿಯುತ್ತದೆ. ತುದಿಗೆ ಹೇರ್ ಡ್ರೈಯರ್‌ನಿಂದ ಸ್ವಲ್ಪ ಬಿಸಿ ಕೊಟ್ಟು, ಲಾಕ್ ಒತ್ತಿ, ನೇರವಾಗಿ ಎಳೆಯಿರಿ.

ಹಂತ 3: ಗ್ಲೌಸ್ ಪರೀಕ್ಷೆ

ಎಂಜಿನ್ ಬಿಸಿಯಾದ ಮೇಲೆ ಐಡ್ಲಿಂಗ್‌ನಲ್ಲಿ ಬಿಡಿ. ಆಯಿಲ್ ತುಂಬುವ ಮುಚ್ಚಳ ತೆಗೆದು ಬಾಯಿಗೆ ಗ್ಲೌಸ್ ಮುಚ್ಚಿ, ಅಂಚನ್ನು ಬಿಗಿಯಾಗಿ ಹಿಡಿದುಕೊಳ್ಳಿ. ಒಳಗೆ ಬೀಳದಂತೆ ಎಚ್ಚರ. ಕೆಲವು ಸೆಕೆಂಡ್ ಕಾದರೆ ಮೂರರಲ್ಲಿ ಒಂದು ಆಗುತ್ತದೆ.

ಗ್ಲೌಸ್ ನಿಧಾನವಾಗಿ ಸ್ವಲ್ಪ ಒಳಗೆ ತಗ್ಗಿ ನಿಂತಿತು. ಮೊದಲ ದಾರಿ ಸರಿ ಇದೆ.

ಗ್ಲೌಸ್ ಉಬ್ಬಿ ಬೆರಳುಗಳು ಎದ್ದು ನಿಂತವು. ಮೊದಲ ದಾರಿ ಕಟ್ಟಿಕೊಂಡಿದೆ ಅಥವಾ ಬ್ಲೋ-ಬೈ ತುಂಬಾ ಜಾಸ್ತಿ ಇದೆ.

ಮುಚ್ಚಳವನ್ನೇ ತೆಗೆಯಲು ಕಷ್ಟವಾಯಿತು, ಗ್ಲೌಸ್ ರಪ್ಪನೆ ಒಳಗೆ ಎಳೆಯಿತು, ಎಲ್ಲಿಂದಲೋ ಸಿಳ್ಳೆಯಂಥ ಸದ್ದು. ಇದು ಡಯಾಫ್ರಾಮ್ ಹರಿದಿರುವ ಲಕ್ಷಣ. ಮ್ಯಾನಿಫೋಲ್ಡ್‌ನ ಪೂರ್ತಿ ಎಳೆತ ಕ್ರ್ಯಾಂಕ್‌ಕೇಸ್‌ಗೆ ತಾಗುತ್ತಿದೆ. ಸಿಳ್ಳೆ ಕೆಲವೊಮ್ಮೆ ಕ್ರ್ಯಾಂಕ್ ಸೀಲ್‌ನಿಂದಲೇ ಬರುತ್ತದೆ, ಹೊರಗಾಳಿ ಸೀಲ್ ಸಂದಿಯಿಂದ ಒಳಗೆ ನುಗ್ಗುವ ಸದ್ದದು.

ಮುಚ್ಚಳ ತೆಗೆದಾಗ ಐಡ್ಲಿಂಗ್ ಸ್ವಲ್ಪ ಏರುಪೇರಾದರೆ ಗಾಬರಿಯಾಗಬೇಡಿ. ಒಳಬರುವ ಗಾಳಿಯನ್ನು ಅಳೆಯುವ ಎಂಎಎಫ್ ಸೆನ್ಸರ್ ಇರುವ ಕಾರುಗಳಲ್ಲಿ ಲೆಕ್ಕಕ್ಕೆ ಸಿಗದ ಗಾಳಿ ನುಗ್ಗುವುದರಿಂದ ಹಾಗಾಗುತ್ತದೆ. ಮುಚ್ಚಳ ವಾಪಸ್ ಹಾಕಿದ ಮೇಲೆ ಸ್ಕ್ಯಾನರ್ ಹಾಕಿ. ಪಿ0171, ಅಂದರೆ ಪೆಟ್ರೋಲ್‌ಗೆ ಹೋಲಿಸಿದರೆ ಗಾಳಿ ಜಾಸ್ತಿ ಎಂಬ ಕೋಡ್ ಇದ್ದು, ಲಾಂಗ್ ಟರ್ಮ್ ಫ್ಯೂಯಲ್ ಟ್ರಿಮ್ ಐಡ್ಲಿಂಗ್‌ನಲ್ಲಿ ಶೇ. 10 ದಾಟಿ, ಎಂಜಿನ್ ವೇಗ ಏರಿಸಿದಾಗ ಇಳಿದರೆ ಎಲ್ಲೋ ವ್ಯಾಕ್ಯೂಮ್ ಸೋರಿಕೆ ಇದೆ. ಫ್ಯೂಯಲ್ ಟ್ರಿಮ್ ಅಂದರೆ ಕಂಪ್ಯೂಟರ್ ತಾನಾಗಿ ಸೇರಿಸುವ ಅಥವಾ ಕಳೆಯುವ ಇಂಧನದ ಪ್ರಮಾಣ. ಪಿಸಿವಿ ಕಡೆಯನ್ನು ಆಗ ಮೊದಲು ನೋಡಿ.

ಹಂತ 4: ವಾಲ್ವ್ ಪರೀಕ್ಷೆ

ಟರ್ಬೊ ಕಾರಿನಲ್ಲಿ ಎಲ್ಲಕ್ಕಿಂತ ಮುಖ್ಯವಾದ ಹಂತ ಇದೇ. ಯಾಕೆ ಅಂತ ಒಂದು ಲೆಕ್ಕ ನೋಡಿ. ಕ್ರ್ಯಾಂಕ್‌ಕೇಸ್ ಒತ್ತಡವನ್ನು ನೀರಿನ ಎತ್ತರದಲ್ಲಿ ಅಳೆದರೆ ಸಾಮಾನ್ಯವಾಗಿ ಕೆಲವು ಸೆಂಟಿಮೀಟರ್‌ಗಳ ಮಾತು. 1 ಬಾರ್ ಬೂಸ್ಟ್ ಅಂದರೆ ಸುಮಾರು 10 ಮೀಟರ್ ನೀರಿನ ಎತ್ತರ. ಇವೆರಡರ ನಡುವೆ ಇರುವುದು ಒಂದು ಸಣ್ಣ ಚೆಕ್ ವಾಲ್ವ್. ಅದು ಸ್ವಲ್ಪ ಸೋರಿದರೂ ಬೂಸ್ಟ್ ಹಿಮ್ಮುಖವಾಗಿ ಕ್ರ್ಯಾಂಕ್‌ಕೇಸ್‌ಗೆ ನುಗ್ಗುತ್ತದೆ. ಡಿಪ್‌ಸ್ಟಿಕ್ ತಾನಾಗಿ ಮೇಲೆದ್ದಿರುವುದು, ಹಿಂದಿನ ಕ್ರ್ಯಾಂಕ್ ಸೀಲ್ ಸೋರುವುದು, ಬ್ರೀದರ್ ಪೈಪಿನಲ್ಲಿ ಆಯಿಲ್ ಹರಿಯುವುದು ಎಲ್ಲ ಇದರ ಫಲ.

ಟರ್ಬೊಗೂ ಪೆಟ್ಟು ಬೀಳುತ್ತದೆ. ಟರ್ಬೊದಿಂದ ಆಯಿಲ್ ಸಂಪ್‌ಗೆ, ಅಂದರೆ ಎಂಜಿನ್ ಕೆಳಗಿನ ಆಯಿಲ್ ತೊಟ್ಟಿಗೆ, ವಾಪಸ್ ಬರುವುದು ತನ್ನ ಭಾರದಿಂದಲೇ. ಎದುರಿಗೆ ಒತ್ತಡ ಇದ್ದರೆ ಇಳಿಯಲಾಗದೆ ಟರ್ಬೊ ಒಳಗೇ ನಿಂತು ಸೀಲ್ ದಾಟುತ್ತದೆ. ಸೈಲೆನ್ಸರ್‌ನಿಂದ ನೀಲಿ ಹೊಗೆ ಬರುತ್ತದೆ. ಜನ ಟರ್ಬೊ ಬದಲಾಯಿಸುತ್ತಾರೆ, ಹೊಸದೂ ಹೊಗೆ ಉಗುಳುತ್ತದೆ. ಅಲ್ಲಿಗೆ ಟರ್ಬೊ ನಿರಪರಾಧಿ ಅಂತ ಗೊತ್ತಾಗುತ್ತದೆ, ದುಡ್ಡು ಹೋದ ಮೇಲೆ.

ಪರೀಕ್ಷೆ ಸುಲಭ. ಎಂಜಿನ್ ಆಫ್ ಮಾಡಿ, ಮ್ಯಾನಿಫೋಲ್ಡ್ ಕಡೆಯ ಹೋಸ್ ಬಿಚ್ಚಿ. ಕೈಪಂಪಿನಿಂದ ಟ್ಯಾಪೆಟ್ ಕವರ್‌ನ ಕಡೆಗೆ ನಿಧಾನವಾಗಿ ಒತ್ತಡ ಕೊಡಿ. ವಾಲ್ವ್ ಮುಚ್ಚಿಕೊಂಡು ಪಂಪಿನ ಮುಳ್ಳು ನಿಲ್ಲಬೇಕು. ಸ್ವಲ್ಪವೂ ನಿಲ್ಲದೆ ಜಾರಿದರೆ ವಾಲ್ವ್ ಹೋಗಿದೆ. ವಾಲ್ವ್ ಹೊರಗೆ ಬರುವಂಥದ್ದಾದರೆ ಎರಡೂ ಕಡೆಯಿಂದ ನೋಡಿ: ಕ್ರ್ಯಾಂಕ್‌ಕೇಸ್ ಕಡೆಯಿಂದ ಗಾಳಿ ಹೋಗಬೇಕು, ಮ್ಯಾನಿಫೋಲ್ಡ್ ಕಡೆಯಿಂದ ಹೋಗಬಾರದು. ಬಾಯಿಟ್ಟು ಊದಬೇಡಿ, ಒಳಗಿರುವುದು ಆರೋಗ್ಯಕ್ಕೆ ಒಳ್ಳೆಯದಲ್ಲ. ಅಲ್ಲಾಡಿಸಿದಾಗ ಗಡಗಡ ಸದ್ದು ಬಂದರೆ ಸರಿ ಇದೆ ಅನ್ನುವ ಹಳೆಯ ಪರೀಕ್ಷೆ ಟರ್ಬೊ ಕಾರಿಗೆ ಸಾಲದು. ಒಳಗಿನ ಪಿನ್ ಅಲ್ಲಾಡುತ್ತದೆ ಎಂದಷ್ಟೇ ಅದು ಹೇಳುತ್ತದೆ, ಬಿಗಿಯಾಗಿ ಮುಚ್ಚುತ್ತದೆಯೇ ಎಂದು ಹೇಳುವುದಿಲ್ಲ.

ವರ್ಕ್‌ಶಾಪ್‌ನ ಕಂಪ್ರೆಸರ್ ಗಾಳಿಯನ್ನು ಮಾತ್ರ ಕ್ರ್ಯಾಂಕ್‌ಕೇಸ್‌ಗೆ ಬಿಡಲೇಬೇಡಿ. ಸರಿ ಇರುವ ಸೀಲ್‌ಗಳೂ ಹೊರಗೆ ಹಾರಿ ಬರುತ್ತವೆ.

ಕೆಟ್ಟ ವಾಲ್ವ್ ತೊಳೆದು ಹಾಕುವುದರಲ್ಲಿ ನನಗೆ ನಂಬಿಕೆ ಇಲ್ಲ. ಸ್ಪ್ರಿಂಗ್ ಸೋತಿದ್ದರೆ ತೊಳೆದರೆ ಬರುವುದಿಲ್ಲ. ಹೊಸದು ಹಾಕಿ, ಅದೂ ನಿಮ್ಮ ಎಂಜಿನ್‌ನ ಪಾರ್ಟ್ ನಂಬರ್‌ನದ್ದೇ. ಹೊರಗಿನಿಂದ ಒಂದೇ ಥರ ಕಂಡರೂ ಒಳಗಿನ ಸ್ಪ್ರಿಂಗ್ ಮತ್ತು ರಂಧ್ರ ಬೇರೆ ಇರುತ್ತದೆ. ಕವರ್ ಒಳಗೇ ಇದ್ದರೆ ಹೆಚ್ಚಿನ ಸಲ ಪೂರ್ತಿ ಕವರ್ ಬದಲಾಯಿಸಬೇಕಾಗುತ್ತದೆ. ಬಿಡಿ ಡಯಾಫ್ರಾಮ್ ಸಿಗುವ ಎಂಜಿನ್‌ಗಳೂ ಇವೆ, ಮೊದಲು ವಿಚಾರಿಸಿ.

ಹಂತ 5: ಬೂಸ್ಟ್‌ನಲ್ಲಿ ಒತ್ತಡ ಅಳೆಯಿರಿ

ಗ್ಲೌಸ್ ಪರೀಕ್ಷೆ ಐಡ್ಲಿಂಗ್‌ನ ಕಥೆ ಮಾತ್ರ ಹೇಳುತ್ತದೆ. ಎರಡನೇ ದಾರಿಯ ಸ್ಥಿತಿ ತಿಳಿಯಲು ಕಾರು ಓಡಬೇಕು. ಡಿಪ್‌ಸ್ಟಿಕ್ ಕೊಳವೆಗೆ ಬಿಗಿಯಾಗಿ ಹೋಸ್ ಕೂರಿಸಿ, ಇನ್ನೊಂದು ತುದಿಯನ್ನು ಸಣ್ಣ ಒತ್ತಡದ ಗೇಜ್‌ಗೆ ಜೋಡಿಸಿ ಒಳಗೆ ತನ್ನಿ. ಹೋಸ್ ಸೈಲೆನ್ಸರ್ ಕಡೆಯ ಬಿಸಿ ಭಾಗಕ್ಕೆ ತಾಗಬಾರದು. ಓಡಿಸುವವರು ಒಬ್ಬರು, ಗೇಜ್ ನೋಡುವವರು ಇನ್ನೊಬ್ಬರು. ಒಬ್ಬರೇ ಎರಡೂ ಮಾಡಬೇಡಿ.

ಬೂಸ್ಟ್ ಪೂರ್ತಿ ಬಂದಾಗ ಮುಳ್ಳು ಸೊನ್ನೆಯ ಆಸುಪಾಸಿನಲ್ಲಿ ಇದ್ದರೆ ಚಿಂತೆ ಇಲ್ಲ. ಏರುತ್ತಾ ಹೋಗಿ 1 ಪಿಎಸ್ಐ, ಅಂದರೆ ಸುಮಾರು 70 ಸೆಂ.ಮೀ. ನೀರಿನ ಎತ್ತರ ಮುಟ್ಟಿದರೆ ಖಂಡಿತ ತೊಂದರೆ ಇದೆ. ನಡುವಿನ ಅಂಕಿಗಳಿಗೆ ಮ್ಯಾನುಯಲ್ ಹೇಳುವ ಮಿತಿ ನೋಡಿ.

ಪಾರದರ್ಶಕ ಕೊಳವೆಯಲ್ಲಿ ನೀರು ತುಂಬಿ ಯು ಆಕಾರದಲ್ಲಿ ಬಗ್ಗಿಸಿಯೂ ಅಳೆಯಬಹುದು. ಅಗ್ಗದ ಉಪಾಯ, ಅಂಕಿಯೂ ಸರಿಯಾಗಿ ಸಿಗುತ್ತದೆ. ನಿಂತ ಕಾರಿನಲ್ಲಿ, ಐಡ್ಲಿಂಗ್‌ನಲ್ಲಿ ಮಾತ್ರ. ಗ್ಲೌಸ್ ಜೋರಾಗಿ ಒಳಗೆ ಎಳೆದ ಎಂಜಿನ್‌ಗೆ ಇದನ್ನು ಹಾಕಲೇಬೇಡಿ, ನೀರನ್ನು ಎಂಜಿನ್ ಕುಡಿದುಬಿಡುತ್ತದೆ.

ಒತ್ತಡ ಏರುತ್ತಿದ್ದರೆ ಮೊದಲು ಎರಡನೇ ದಾರಿಯ ಹೋಸ್ ಬಿಚ್ಚಿ ಟಾರ್ಚ್ ಹಾಕಿ. ಒಳಪದರ ಕಿತ್ತು ಬಂದು ದಾರಿ ಮುಚ್ಚಿರಬಹುದು, ಟರ್ಬೊ ಪೈಪಿಗೆ ಸೇರುವ ಮೂತಿಯಲ್ಲಿ ಕಪ್ಪು ಕೆಸರು ಗಟ್ಟಿಯಾಗಿರಬಹುದು. ಹೋಸ್ ಸರಿ, ಚೆಕ್ ವಾಲ್ವ್ ಸರಿ, ಆದರೂ ಒತ್ತಡ ಇದ್ದರೆ ಎಂಜಿನ್ ಒಳಗೇ ನೋಡಬೇಕು.

ಹಂತ 6: ರಿಂಗ್‌ಗಳ ಸ್ಥಿತಿ

ಇದಕ್ಕೆ ಲೀಕ್-ಡೌನ್ ಪರೀಕ್ಷೆ ಮಾಡಿಸಿ. ಪಿಸ್ಟನ್ ಮೇಲ್ತುದಿಯಲ್ಲಿ, ವಾಲ್ವ್‌ಗಳು ಮುಚ್ಚಿರುವಾಗ ಸಿಲಿಂಡರ್‌ಗೆ ಗಾಳಿ ತುಂಬಿ ಶೇ. ಎಷ್ಟು ಸೋರುತ್ತದೆ ಎಂದು ಅಳೆಯುವುದು. ಶೇ. 10ರ ಒಳಗೆ ಒಳ್ಳೆಯದು, ಶೇ. 20 ದಾಟಿದರೆ ಸವೆತ ಇದೆ ಎಂದು ಮೆಕ್ಯಾನಿಕ್‌ಗಳು ಸಾಮಾನ್ಯವಾಗಿ ಲೆಕ್ಕ ಹಾಕುತ್ತಾರೆ. ಗಾಳಿಯ ಸದ್ದು ಆಯಿಲ್ ತುಂಬುವ ಬಾಯಿಯಿಂದ ಕೇಳಿದರೆ ರಿಂಗ್, ಸೈಲೆನ್ಸರ್‌ನಿಂದ ಕೇಳಿದರೆ ಎಕ್ಸಾಸ್ಟ್ ವಾಲ್ವ್. ಗಾಳಿ ತುಂಬಿದಾಗ ಕ್ರ್ಯಾಂಕ್ ಥಟ್ಟನೆ ತಿರುಗಬಹುದು. ಅದರ ಬೋಲ್ಟ್ ಮೇಲೆ ಸ್ಪ್ಯಾನರ್ ಬಿಟ್ಟಿರಬೇಡಿ.

ರಿಂಗ್ ಚೆನ್ನಾಗಿದ್ದೂ ಬೂಸ್ಟ್‌ನಲ್ಲಿ ಒತ್ತಡ ಬಂದರೆ ಆಗ ಟರ್ಬೊ ಮೇಲೆ ಅನುಮಾನ ಪಡಬಹುದು. ಅದರ ಶಾಫ್ಟ್ ಸೀಲ್ ದಾಟಿದ ಗಾಳಿ ಆಯಿಲ್ ಇಳಿಯುವ ಪೈಪಿನಿಂದಲೇ ಕ್ರ್ಯಾಂಕ್‌ಕೇಸ್‌ಗೆ ಬರುತ್ತದೆ.

ಸವೆದ ರಿಂಗ್‌ಗೆ ಕ್ಯಾಚ್ ಕ್ಯಾನ್ ಮದ್ದಾಗುವುದಿಲ್ಲ. ಕ್ಯಾನ್ ಬೇಗ ತುಂಬುತ್ತದೆ, ಅಷ್ಟೇ.

ಹಂತ 7: ಕ್ಯಾಚ್ ಕ್ಯಾನ್ ಬೇಕೇ? ಬೇಕಾದರೆ ಹೇಗೆ?

ಕಂಪನಿ ಕೊಟ್ಟ ಬೂಸ್ಟ್‌ನಲ್ಲೇ, ಸಾಮಾನ್ಯವಾಗಿ ಓಡಿಸುವ, ಮೇಲಿನ ಪರೀಕ್ಷೆಗಳಲ್ಲಿ ಪಾಸಾದ ಕಾರಿಗೆ ಕ್ಯಾನ್ ಇಲ್ಲದಿದ್ದರೂ ನಡೆಯುತ್ತದೆ. ಬೂಸ್ಟ್ ಏರಿಸಿದ್ದರೆ, ಟ್ರ್ಯಾಕ್‌ನಲ್ಲಿ ಓಡಿಸುತ್ತಿದ್ದರೆ ಬೇಕು. ಇಂಟೇಕ್‌ಗೆ ಹೋಗುವ ಆಯಿಲ್ ಪೆಟ್ರೋಲ್‌ನ ನಾಕಿಂಗ್ (ಸಿಲಿಂಡರ್‌ನಲ್ಲಿ ತಾನಾಗಿ ಸಿಡಿದು ಉರಿಯುವುದು) ತಡೆಯುವ ಶಕ್ತಿಯನ್ನು ತಗ್ಗಿಸುತ್ತದೆ. ಇಂಟರ್‌ಕೂಲರ್ ಒಳಗೆ ಪದರ ಕಟ್ಟಿ ಬಿಸಿ ಬಿಡದಂತೆ ಮಾಡುತ್ತದೆ. ಪೆಟ್ರೋಲ್ ನೇರ ಸಿಲಿಂಡರ್‌ಗೇ ಚಿಮ್ಮುವ ಡೈರೆಕ್ಟ್ ಇಂಜೆಕ್ಷನ್ ಎಂಜಿನ್‌ನಲ್ಲಿ ಇಂಟೇಕ್ ವಾಲ್ವ್‌ಗಳ ಮೇಲೆ ಬೀಳುವ ಜಿಡ್ಡನ್ನು ತೊಳೆಯಲು ಪೆಟ್ರೋಲ್ ಅಲ್ಲಿಗೆ ಬರುವುದೇ ಇಲ್ಲ, ಕರಿ ಕಟ್ಟುತ್ತದೆ. ಕ್ಯಾನ್ ಅದನ್ನು ಕಡಿಮೆ ಮಾಡಬಹುದು, ಪೂರ್ತಿ ನಿಲ್ಲಿಸುವುದಿಲ್ಲ.

ಕೊಳ್ಳುವಾಗ ಬಣ್ಣ ನೋಡಬೇಡಿ, ಮುಚ್ಚಳ ಬಿಚ್ಚಿ ಒಳಗೆ ನೋಡಿ. ಗಾಳಿಯನ್ನು ತಿರುಗಿಸುವ ಅಡ್ಡ ತಗಡು ಮತ್ತು ಲೋಹದ ಜಾಲರಿ ಇರಬೇಕು. ಹನಿಗಳು ಅವಕ್ಕೆ ಬಡಿದು ಒಂದಾಗಿ ಕೆಳಗಿಳಿಯುತ್ತವೆ. ಒಳಗೆ ಖಾಲಿ ಇರುವ ಡಬ್ಬದಲ್ಲಿ ಮಂಜು ಈ ಕಡೆ ಬಂದು ಆ ಕಡೆ ಹೋಗುತ್ತದೆ.

ಯಾವ ದಾರಿಗೆ ಹಾಕುವುದು ಎಂಬಲ್ಲಿ ಬಹಳ ಜನ ಎಡವುತ್ತಾರೆ. ಪಿಸಿವಿ ಹೋಸ್‌ಗೆ ಮಾತ್ರ ಹಾಕಿದ ಕ್ಯಾನ್ ಬೂಸ್ಟ್‌ನಲ್ಲಿ ಸುಮ್ನೆ ಕೂತಿರುತ್ತದೆ, ಏಕೆಂದರೆ ಆಗ ಆ ದಾರಿ ಮುಚ್ಚಿರುತ್ತದೆ. ಇಂಟರ್‌ಕೂಲರ್‌ನ ಆಯಿಲ್ ನಿಮ್ಮ ಚಿಂತೆಯಾದರೆ ಎರಡನೇ ದಾರಿಗೆ ಬೇಕು. ಇಂಟೇಕ್ ವಾಲ್ವ್ ಕೂಡ ಚಿಂತೆಯಾದರೆ ಎರಡೂ ದಾರಿಗೆ, ಎರಡು ಕ್ಯಾನ್ ಅಥವಾ ಒಳಗೆ ಎರಡು ಕೋಣೆ ಇರುವ ಒಂದು ಕ್ಯಾನ್.

ಹೋಸ್ ಆಯಿಲ್ ತಡೆಯುವಂಥದ್ದೇ ಇರಲಿ. ರೇಡಿಯೇಟರ್‌ನ ಇಪಿಡಿಎಂ ರಬ್ಬರ್ ಹೋಸ್ ಆಯಿಲ್ ತಾಗಿ ಊದಿಕೊಳ್ಳುತ್ತದೆ. ಒಳವ್ಯಾಸ ಕಂಪನಿ ಹೋಸ್‌ಗಿಂತ ಸಣ್ಣದಾಗಬಾರದು. ಮ್ಯಾನಿಫೋಲ್ಡ್ ಕಡೆಯ ಹೋಸ್ ಎಳೆತಕ್ಕೆ ಚಪ್ಪಟೆಯಾಗದಷ್ಟು ಗಟ್ಟಿ ಇರಬೇಕು. ಹೋಸ್ ನಡುವೆ ಜೋತುಬಿದ್ದು ನೀರು ನಿಲ್ಲುವ ತಗ್ಗು ಆಗಬಾರದು. ತುಂಬಾ ಚಳಿ ಇರುವ ಕಡೆ ಅದೇ ನೀರು ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ. ಕ್ಯಾನ್ ಟರ್ಬೊದಿಂದ ದೂರ, ತಣ್ಣಗಿರುವ ಜಾಗದಲ್ಲಿರಲಿ. ತಣ್ಣಗಿದ್ದಷ್ಟೂ ಆವಿ ಚೆನ್ನಾಗಿ ಹನಿಗಟ್ಟುತ್ತದೆ.

ಕಂಪನಿಯ ಪಿಸಿವಿ ವಾಲ್ವ್ ತೆಗೆದು ಬರಿ ಹೋಸ್ ಜೋಡಿಸಬೇಡಿ. ಹರಿವನ್ನು ಹದದಲ್ಲಿಡುವುದೂ ಬೂಸ್ಟ್ ತಡೆಯುವುದೂ ಅದೇ. ಏರಿಸಿದ ಬೂಸ್ಟ್ ಇದ್ದರೆ ಕ್ಯಾನ್ ಮತ್ತು ಮ್ಯಾನಿಫೋಲ್ಡ್ ನಡುವೆ ಇನ್ನೊಂದು ಒಳ್ಳೆಯ ಚೆಕ್ ವಾಲ್ವ್ ಸೇರಿಸಿ, ಬಾಣ ಮ್ಯಾನಿಫೋಲ್ಡ್ ಕಡೆಗೆ. ಇಂಟೇಕ್‌ಗೆ ವಾಪಸ್ ಹೋಗುವ ಕ್ಯಾನ್ ಮೇಲೆ ಸಣ್ಣ ಬ್ರೀದರ್ ಫಿಲ್ಟರ್ ಕೂರಿಸುವುದೂ ತಪ್ಪು. ಅದರಿಂದ ಅಳತೆಗೆ ಸಿಗದ ಗಾಳಿ ಒಳಗೆ ಬರುತ್ತದೆ.

ಕ್ಯಾನ್‌ನಿಂದ ಗಾಳಿಯನ್ನು ಹೊರಗೇ ಬಿಟ್ಟರೆ ಏನು ಎಂದು ಕೇಳುತ್ತಾರೆ. ಪೂರ್ತಿ ರೇಸ್ ಕಾರಿಗೆ ಸರಿ. ರಸ್ತೆಯ ಕಾರಿಗೆ ನಾನು ಬೇಡ ಅನ್ನುತ್ತೇನೆ. ಅನೇಕ ದೇಶಗಳ ಕಾನೂನು ಒಪ್ಪುವುದಿಲ್ಲ, ಸಿಗ್ನಲ್‌ನಲ್ಲಿ ನಿಂತಾಗ ವಾಸನೆ ಒಳಗೆ ಬರುತ್ತದೆ. ಎಳೆಯುವವರು ಇಲ್ಲದ್ದರಿಂದ ನೀರಿನ ಆವಿ ಆಯಿಲ್‌ನಲ್ಲೇ ಉಳಿಯುತ್ತದೆ, ಆಯಿಲ್ ಬೇಗ ಬದಲಾಯಿಸಬೇಕಾಗುತ್ತದೆ. ಹಾಗೆ ಮಾಡಿದವರು ಮ್ಯಾನಿಫೋಲ್ಡ್ ಮತ್ತು ಟರ್ಬೊ ಪೈಪಿನ ಖಾಲಿ ಮೂತಿಗಳನ್ನು ಬಿಗಿಯಾಗಿ ಮುಚ್ಚಲೇಬೇಕು.

ಡೀಸೆಲ್ ಓದುಗರಿಗೆ ಒಂದು ಮಾತು. ನಿಮ್ಮದರಲ್ಲಿ ಸಾಮಾನ್ಯವಾಗಿ ಟರ್ಬೊ ಮುಂದಿನ ದಾರಿ ಒಂದೇ ಇರುತ್ತದೆ, ನಡುವೆ ಒತ್ತಡ ಹದಮಾಡುವ ವಾಲ್ವ್ ಮತ್ತು ಆಯಿಲ್ ಸೆಪರೇಟರ್. ಇಂಟರ್‌ಕೂಲರ್‌ನಲ್ಲಿ ಆಯಿಲ್ ಕೆರೆ ಕಟ್ಟಿದ್ದರೆ ನಿರ್ಲಕ್ಷ್ಯ ಬೇಡ. ಆ ಆಯಿಲನ್ನೇ ಇಂಧನ ಮಾಡಿಕೊಂಡು ಎಂಜಿನ್ ಕೀ ಆಫ್ ಮಾಡಿದರೂ ನಿಲ್ಲದೆ ಓಡುವ ಅಪಾಯ ಇದೆ.

ಹಂತ 8: ಖಾಲಿ ಮಾಡುವುದು, ಮತ್ತೆ ನೋಡುವುದು

ಹೊಸ ಕ್ಯಾನ್ ಹಾಕಿದ ಮೇಲೆ ಮೊದಲ ಕೆಲವು ಸಲ ಪೆಟ್ರೋಲ್ ತುಂಬಿಸುವಾಗಲೆಲ್ಲ ಮಟ್ಟ ನೋಡಿ. ಎಷ್ಟು ಕಿಲೋಮೀಟರ್‌ಗೆ ಎಷ್ಟು ಸೇರುತ್ತದೆ ಎಂದು ಬರೆದಿಡಿ, ನಿಮ್ಮ ಕಾರಿನ ಅಂತರ ಅದರಿಂದಲೇ ಸಿಗುತ್ತದೆ. ತುಂಬಿ ತುಳುಕಲು ಬಿಟ್ಟರೆ ಒಂದು ಜೋರು ತಿರುವಿನಲ್ಲಿ ಅಷ್ಟೂ ಒಟ್ಟಿಗೆ ಇಂಟೇಕ್‌ಗೆ ಹೋಗಬಹುದು.

ಹೊರಗೆ ಬರುವುದು ಕಾಫಿ ಬಣ್ಣದ, ನೀರು ಬೆರೆತ, ಪೆಟ್ರೋಲ್ ನಾತದ ದ್ರವ. ಚಳಿಗಾಲದಲ್ಲಿ ನೀರು ಜಾಸ್ತಿ. ಅದು ಹೊತ್ತಿಕೊಳ್ಳುವ ವಸ್ತು, ಬಿಸಿ ಎಂಜಿನ್ ಮೇಲೆ ಚೆಲ್ಲಬೇಡಿ. ಆಯಿಲ್ ಅಲ್ವಾ ಎಂದು ವಾಪಸ್ ಎಂಜಿನ್‌ಗೆ ಸುರಿಯಲೇಬೇಡಿ. ಹಳೆ ಆಯಿಲ್ ಜೊತೆ ಡಬ್ಬಕ್ಕೆ ಹಾಕಿ, ಮರುಬಳಕೆಗೆ ಕೊಡಿ.

ಯಾವ ರಿಪೇರಿ ಮಾಡಿದರೂ ಇಂಟರ್‌ಕೂಲರ್ ಮತ್ತು ಪೈಪುಗಳಲ್ಲಿ ಈಗಾಗಲೇ ನಿಂತಿರುವ ಆಯಿಲನ್ನು ತೆಗೆದು ಒರೆಸಿ. ಇಲ್ಲದಿದ್ದರೆ ಹಳೆಯದನ್ನೇ ನೋಡಿ ರಿಪೇರಿ ಫಲಿಸಲಿಲ್ಲ ಅಂದುಕೊಳ್ಳುತ್ತೀರಿ. ಕೋಡ್‌ಗಳನ್ನು ಅಳಿಸಿ, ಕೆಲವು ದಿನ ಎಂದಿನಂತೆ ಓಡಿಸಿ, ಫ್ಯೂಯಲ್ ಟ್ರಿಮ್ ಮತ್ತು ಗ್ಲೌಸ್ ಪರೀಕ್ಷೆ ಇನ್ನೊಮ್ಮೆ ಮಾಡಿ. ಸೋರುತ್ತಿದ್ದ ಸೀಲ್ ಬದಲಾಯಿಸುವ ಯೋಚನೆ ಇದ್ದರೆ ಈ ಅಂಕಿಗಳು ಸರಿಹೋಗುವ ತನಕ ಕಾಯಿರಿ. ಒತ್ತಡ ಇಳಿದ ಮೇಲೆ ಸೋರಿಕೆ ತಾನಾಗಿ ನಿಂತಿರಲೂಬಹುದು.